ಅಕ್ಕ ಸಭೆ ನಡೆಸಲು ಕಲಿತದ್ದು

ಏಪ್ರಿಲ್ ೧೧, ಶನಿವಾರ

ಪ್ರೀತಿಯ ಮರಿ,

ನಲವತ್ತನಾಲ್ಕು ವರ್ಷದ ಗಂಡಸನ್ನು ಮರಿ ಅಂತ ಕರೆಯಬೇಡಿ ಎಂದು ನಿನ್ನ ಹೆಂಡತಿ ನನಗೆ ಎರಡು ಸಲ ಹೇಳಿದ್ದಾಳೆ. ಕಾಗದದ ಮೊದಲ ಸಾಲಿನ ಮಟ್ಟಿಗೆ ಅವಳು ನನ್ನನ್ನು ಕ್ಷಮಿಸಲಿ. ನೀವೆಲ್ಲ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಇಲ್ಲಿ ಅಮ್ಮ, ನಾನು, ನಿನ್ನ ಭಾವ ಎಲ್ಲರೂ ಕ್ಷೇಮ. ಜನವರಿಯಲ್ಲಿ ಬಂದ ನಿನ್ನ ಕಾಗದಕ್ಕೆ ಏಪ್ರಿಲ್‌ನಲ್ಲಿ ಉತ್ತರ ಬರೆಯುತ್ತಿದ್ದೇನೆ, ಅದು ನನ್ನದೇ ತಪ್ಪು. ಆದರೂ ಹೇಳಿಬಿಡುತ್ತೇನೆ, ನೀನು ಬರೆದದ್ದು ಮೂರೇ ಸಾಲು. "ಅಮ್ಮನ ಕನ್ನಡಕ ಕಳಿಸಿದ್ದೇನೆ. ಎಡಗಣ್ಣಿನ ಪವರ್ ಸ್ವಲ್ಪ ಹೆಚ್ಚಾಗಿದೆ. ಆರೋಗ್ಯ ನೋಡಿಕೊಳ್ಳಿ." ನಿನ್ನ ಕನ್ನಡಕದ ಅಂಗಡಿಯ ರಸೀದಿಯಲ್ಲೂ ಇದಕ್ಕಿಂತ ಹೆಚ್ಚು ಅಕ್ಷರ ಇರುತ್ತವೆ ಮಾರಾಯ.

ಅಪ್ಪ ಹೋಗಿ ಎಂಟು ತಿಂಗಳಾಯಿತು. ಅಂದಿನಿಂದ ನೀನು ಈ ಮನೆಗೆ ಕಾಲಿಟ್ಟಿಲ್ಲ. ಫೋನಿನಲ್ಲಿ ನಿನಗೆ ಮಾತು ತಡೆಯುತ್ತದೆ ಎಂದು ಚಿಕ್ಕಂದಿನಿಂದ ನಾವು ಕಾಗದವನ್ನೇ ನಂಬಿಕೊಂಡವರು. ಹಾಸ್ಟೆಲಿನಿಂದ ನೀನು ಬರೆಯುತ್ತಿದ್ದ ಹನ್ನೆರಡು, ಹದಿನಾಲ್ಕು ಪುಟದ ಕಾಗದಗಳು ಈಗಲೂ ನನ್ನ ಬೀರುವಿನಲ್ಲಿವೆ. ಅಂಥವನು ಮೂರು ಸಾಲಿಗೆ ಇಳಿದಿದ್ದೀಯ ಎಂದರೆ ಕೋಪವಲ್ಲದೆ ಇನ್ನೇನು? ನೀನು ಕೂಗಾಡುವವನಲ್ಲ, ಹಾಗಾಗಿ ಬೇರೆಯವರಿಗೆ ಇದು ಗೊತ್ತೇ ಆಗಿಲ್ಲ. ನನಗೆ ಗೊತ್ತು. ನನಗೆ ನನ್ನ ತಮ್ಮ ವಾಪಸು ಬೇಕು. ಅದನ್ನು ಕೇಳುವುದಕ್ಕೇ ಈ ಕಾಗದ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಮೂರು ತಿಂಗಳು ತಳ್ಳಿದೆ. ಈಗ ಆಸ್ಪತ್ರೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅಲ್ಲಿ ನನಗೆ ಚೆನ್ನಾಗಿ ಬುದ್ಧಿ ಬಂದಿದೆ.

ನಮ್ಮ ವಾರ್ಡು ನಿನಗೆ ಗೊತ್ತೇ ಇದೆ. ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ದಿನ ಬಂದು, ನಾಲ್ಕು ಗಂಟೆ ಯಂತ್ರಕ್ಕೆ ಕೈ ಕೊಟ್ಟು ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಹೋಗುವ ಜಾಗ. ಹನ್ನೆರಡು ಯಂತ್ರಗಳಲ್ಲಿ ಮೂರು ಡಿಸೆಂಬರಿನಲ್ಲಿ ಒಟ್ಟಿಗೇ ಕೆಟ್ಟವು. ಹೊಸದು ಬರಲು ಆರು ತಿಂಗಳು ಬೇಕಂತೆ. ಅಲ್ಲಿಯವರೆಗೆ ಮೂರು ಪಾಳಿ ನಾಲ್ಕಾಗಬೇಕು, ಹದಿನೆಂಟು ಜನ ಬೆಳಗಿನ ಜಾವ ನಾಲ್ಕೂವರೆಯ ಪಾಳಿಗೆ ಹೋಗಬೇಕು. ಯಾರು ಹೋಗಬೇಕೆಂದು ಎಲ್ಲರನ್ನೂ ಕೇಳಿ ತೀರ್ಮಾನಿಸಿ ಎಂದು ದೊಡ್ಡ ಡಾಕ್ಟರು ನನಗೆ ಹೇಳಿದರು.

ನಾನು ಸಭೆ ಕರೆದೆ. ಎಪ್ಪತ್ತು ಜನ ರೋಗಿಗಳು, ಅವರ ಮನೆಯವರು, ಹೊರರೋಗಿಗಳ ಹಾಲ್ ತುಂಬಿಹೋಯಿತು. ಇಪ್ಪತ್ತಾರು ವರ್ಷದ ಅಭ್ಯಾಸ ನೋಡು, ಪಾಳಿ ಬದಲಾಗುವಾಗ ಸಿಸ್ಟರುಗಳು ಹಾಸಿಗೆಯ ಪಕ್ಕ ನಿಂತುಕೊಂಡೇ ಒಬ್ಬರಿಂದೊಬ್ಬರಿಗೆ ವಿಷಯ ದಾಟಿಸುತ್ತೇವಲ್ಲ, ಹಾಗೇ ಮಾಡಿದೆ. ಕೈಯಲ್ಲಿ ಪಟ್ಟಿ, ಗಟ್ಟಿ ದನಿ, ಹೆಸರು, ಹೊತ್ತು, ಮುಂದಿನ ಹೆಸರು. ಕೊನೆಗೆ "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ? ಇಲ್ಲ? ಸರಿ" ಅಂದೆ. ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಜಂಬದಿಂದ ಮನೆಗೆ ಬಂದು ನಿನ್ನ ಭಾವನಿಗೆ ಹೇಳಿಯೂ ಹೇಳಿದೆ, ನಿಮ್ಮ ಆಫೀಸಿನಲ್ಲಿ ಇದಕ್ಕೇ ಅರ್ಧ ದಿನ ಕೂರುತ್ತೀರಿ ಎಂದು.

ನಮ್ಮಲ್ಲಿ ಒಬ್ಬ ದರ್ಜಿ ಹೆಂಗಸು ಬರುತ್ತಾಳೆ, ಒಂಟಿ ಜೀವ, ಇಡೀ ವರ್ಷದಲ್ಲಿ ಇಪ್ಪತ್ತು ಮಾತಾಡಿದರೆ ಹೆಚ್ಚು. ಪಟ್ಟಿಯಲ್ಲಿ ಅವಳಿಗೆ ಬೆಳಗಿನ ಜಾವ ಬಿದ್ದಿತ್ತು. ಹೊಸ ಪಾಳಿ ಶುರುವಾದ ಎರಡನೆಯ ವಾರ ಅವಳು ಒಂದು ದಿನ ಬರಲಿಲ್ಲ. ಇನ್ನೊಂದು ದಿನವೂ ಬರಲಿಲ್ಲ. ಮೂರನೆಯ ಸಲ ತುರ್ತು ವಿಭಾಗಕ್ಕೆ ಬಂದಳು, ಶ್ವಾಸಕೋಶದಲ್ಲಿ ನೀರು ತುಂಬಿ, ತುಟಿ ನೀಲಿಯಾಗಿ. ಆ ಹೊತ್ತಿಗೆ ಅವಳ ಬೀದಿಯಿಂದ ಬಸ್ಸೇ ಇಲ್ಲವಂತೆ. ಮೊದಲ ವಾರ ಐದು ಕಿಲೋಮೀಟರ್ ನಡೆದುಕೊಂಡು ಬಂದಿದ್ದಾಳೆ, ಆಮೇಲೆ ಕಾಲು ಏಳಲಿಲ್ಲ. ಅವಳ ಬಟ್ಟೆ ಬದಲಾಯಿಸುತ್ತಾ ನಮ್ಮ ಚಿಕ್ಕ ಸಿಸ್ಟರ್ ಒಬ್ಬಳು ಮೆಲ್ಲಗೆ ಹೇಳಿದಳು, ಸಭೆಯಲ್ಲಿ ಈಯಮ್ಮ ಕೈ ಅರ್ಧಕ್ಕೆ ಎತ್ತಿ ಇಳಿಸಿದ್ದನ್ನು ತಾನು ನೋಡಿದ್ದೆ ಎಂದು. ನಾನೂ ನೋಡಿದ್ದೆ ಮರಿ. ಕೂದಲು ಸರಿ ಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡೆ.

ಅವಳು ಉಳಿದಳು. ದೊಡ್ಡ ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ನಾನೂ ಎರಡು ಮಾತು ಹೇಳಿ ಹಗುರಾಗುತ್ತಿದ್ದೆ. ಪಟ್ಟಿ ಹೊಸದಾಗಿ ಮಾಡಬೇಕು, ಅಲ್ಲಿಯವರೆಗೆ ಅವಳನ್ನು ಆಸ್ಪತ್ರೆಯ ಗಾಡಿ ಕರೆತರಲಿ, ಆದರೆ ಪಟ್ಟಿಗೆ ಮುಂಚೆ ನಾನು ನಾಲ್ಕು ಶನಿವಾರ ತರಬೇತಿಗೆ ಹೋಗಬೇಕು ಎಂದರು. ಯಾವ ತರಬೇತಿ ಎಂದೆ. ಸಭೆ ನಡೆಸುವ ತರಬೇತಿ ಎಂದರು. ಐವತ್ತೊಂದು ವರ್ಷಕ್ಕೆ ನನಗೆ ಮಾತಾಡುವುದನ್ನು ಕಲಿಸುತ್ತಾರಂತೆ ಎಂದು ಅಮ್ಮನ ಮುಂದೆ ಗೊಣಗಿದೆ. ಅಮ್ಮ ಹೊಸ ಕನ್ನಡಕ ಮೂಗಿಗೇರಿಸಿ ನನ್ನನ್ನು ಚೆನ್ನಾಗಿ ನೋಡಿ, "ಮಾತಾಡೋದನ್ನಲ್ಲ ಕಣೇ, ಸುಮ್ನಿರೋದನ್ನ ಕಲಿಸ್ತಾರೇನೋ" ಅಂದರು. ಕನ್ನಡಕ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಇದರಿಂದ ತಿಳಿದುಕೊ.

ಭಾನುವಾರ, ಮಧ್ಯಾಹ್ನ

ನಿನ್ನೆ ಇಷ್ಟಕ್ಕೇ ಎದ್ದು ಹೋಗಬೇಕಾಯಿತು, ಒಬ್ಬಳು ಸಿಸ್ಟರ್ ರಜೆ ಹಾಕಿದಳು. ಈಗ ಊಟ ಮುಗಿದು ಎಲ್ಲರೂ ಮಲಗಿದ್ದಾರೆ. ಮುಂದುವರಿಸುತ್ತೇನೆ.

ತರಬೇತಿ ನಡೆದದ್ದು ಗ್ರಂಥಾಲಯದ ಮಹಡಿಯ ಮೇಲೆ. ಹದಿನಾಲ್ಕು ಜನ ಇದ್ದೆವು. ಕಲಿಸಿದವಳು ಕುಳ್ಳಗಿನ ಹೆಂಗಸು, ಮೊದಲು ವಾಲಿಬಾಲ್ ರೆಫರಿ ಆಗಿದ್ದಳಂತೆ, ಕುತ್ತಿಗೆಯಲ್ಲಿ ಈಗಲೂ ಸ್ಟಾಪ್‌ವಾಚು. ಮನಸ್ಸಿನಲ್ಲೇ ಅವಳಿಗೆ ಸೀಟಿ ಟೀಚರ್ ಎಂದು ಹೆಸರಿಟ್ಟೆ. ಮೊದಲ ದಿನ ಇಪ್ಪತ್ತು ನಿಮಿಷದ ಒಂದು ಸುಳ್ಳು ಸಭೆಯನ್ನು ನನ್ನ ಕೈಯಲ್ಲಿ ನಡೆಸಿಸಿದಳು. ನಾನು ಬೆವರೊರೆಸಿಕೊಂಡು ಕೂತ ಮೇಲೆ ವಾಚು ನೋಡಿ, ಹದಿನಾರೂವರೆ ನಿಮಿಷ ನಾನೊಬ್ಬಳೇ ಮಾತಾಡಿದೆ ಎಂದಳು. ಆಮೇಲೆ ಕೇಳಿದಳು, "ಸಿಸ್ಟರ್, ನೀವು ಆರು ಪ್ರಶ್ನೆ ಕೇಳಿದ್ರಿ. ಪ್ರತಿ ಪ್ರಶ್ನೆ ಆದ್ಮೇಲೆ ಎಷ್ಟು ಹೊತ್ತು ಕಾದ್ರಿ ಹೇಳಿ ನೋಡೋಣ?" ಐದು ಸೆಕೆಂಡ್ ಇರಬಹುದು ಎಂದೆ. ಒಂದೂ ತುಂಬಿರಲಿಲ್ಲ. ಐದು ಪ್ರಶ್ನೆಗಳಿಗೆ ನಾನೇ ಉತ್ತರ ಕೊಟ್ಟುಕೊಂಡಿದ್ದೆ.

ಅವಳು ಹೇಳಿಕೊಟ್ಟದ್ದರಲ್ಲಿ ದೊಡ್ಡ ವಿದ್ಯೆ ಅಂತ ಏನೂ ಇಲ್ಲ, ಆದರೆ ಒಂದೊಂದೂ ನನ್ನ ಸ್ವಭಾವಕ್ಕೆ ತದ್ವಿರುದ್ಧ. ಸಭೆ ಕರೆಯುವ ಮುಂಚೆ ಒಂದೇ ಒಂದು ವಾಕ್ಯ ಬರೆಯಬೇಕಂತೆ, ಇದು ಮುಗಿದು ಎದ್ದು ಹೋಗುವಾಗ ಜನರ ಕೈಯಲ್ಲಿ ಏನಿರಬೇಕು ಎಂದು. ಆ ವಾಕ್ಯ ಬರೆಯಲು ಬರದಿದ್ದರೆ ಸಭೆ ಬೇಡ, ಒಂದು ಚೀಟಿ ಅಂಟಿಸಿದರೆ ಸಾಕು. ಆಗಲೇ ತೀರ್ಮಾನ ಆಗಿಹೋಗಿದ್ದರೆ ಆಗಿದೆ ಎಂದು ಹೇಳಬೇಕು, ಕೇಳುವ ನಾಟಕ ಮಾಡಬಾರದು. ಈ ಮಾತು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ, ಆದರೂ ಕಿವಿ ಬಿಸಿಯಾಯಿತು. ಮತ್ತೆ, ಮಾತು ಕಡಿಮೆ ಇರುವವರನ್ನು ಸಭೆಗೆ ಮೊದಲೇ ಹೋಗಿ ಕಂಡು ಬರಬೇಕು. ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಎಷ್ಟು? ನಿಮಗೆ ಹಿಂಸೆ ಅನ್ನಿಸುವವರೆಗೆ, ಅದಾದ ಮೇಲೆ ಇನ್ನೂ ಸ್ವಲ್ಪ. ನನಗೆ ಸುಮ್ಮನಿರಲು ಒಂದು ಕೆಲಸ ಬೇಕಲ್ಲ, ಹಾಗಾಗಿ ನನ್ನ ನಾಡಿಯನ್ನೇ ಹಿಡಿದುಕೊಂಡು ಹನ್ನೆರಡು ಬಡಿತ ಎಣಿಸುವುದೆಂದು ಮಾಡಿಕೊಂಡೆ.

ಮನೆಯಲ್ಲಿ ಅಭ್ಯಾಸ ಮಾಡಿದೆ. ಅಡುಗೆಮನೆಗೆ ಯಾವ ಬಣ್ಣ ಬಳಿಸೋಣ ಎಂದು ಕೇಳಿ ಮಣಿಕಟ್ಟು ಹಿಡಿದು ಕೂತೆ. ಆರನೇ ಬಡಿತಕ್ಕೆ ಅಮ್ಮ "ಯಾಕೆ ಹೀಗೆ ನೋಡ್ತೀಯ, ತಲೆ ಸುತ್ತುತ್ತಾ?" ಎಂದು ನೀರು ತರಲು ಎದ್ದರು. ನಿನ್ನ ಭಾವ ಮಾತ್ರ ಹನ್ನೊಂದನೆಯದಕ್ಕೆ ಗಂಟಲು ಸರಿ ಮಾಡಿಕೊಂಡು, ಬಣ್ಣ ಯಾವುದಾದರೂ ಆಗಲಿ, ಮದುವೆಯಾದಾಗಿನಿಂದ ತನಗೆ ಕಿಟಕಿಯ ಕಡೆ ಮಲಗುವ ಆಸೆ ಎಂದರು. ಇಪ್ಪತ್ತೆರಡು ವರ್ಷ! ಒಂದು ಸಲವಾದರೂ ಹೇಳಬಾರದಿತ್ತೇ ಎಂದು ರೇಗಿದೆ. ನೀನು ಕೇಳಲಿಲ್ಲ ಅಂದರು. ಈಗ ಕಿಟಕಿಯ ಕಡೆ ಅವರೇ ಮಲಗುತ್ತಿದ್ದಾರೆ, ನೆಗಡಿಯೂ ಆಗಿದೆ.

ಮೂರನೆಯ ಶನಿವಾರದ್ದನ್ನು ಹೇಳಲೇಬೇಕು. ಅವತ್ತು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದಳು. ಒಬ್ಬರು ಮೂರು ನಿಮಿಷ ಮಾತಾಡಬೇಕು, ಇನ್ನೊಬ್ಬರು ಕೇಳಬೇಕು, ಹೂಂಗುಟ್ಟುವ ಹಾಗೂ ಇಲ್ಲ. ನನ್ನ ಎದುರಿಗೆ ಕೂತದ್ದು ಅಗ್ನಿಶಾಮಕ ದಳದ ಅಧಿಕಾರಿ, ದಪ್ಪ ಮೀಸೆಯ ದೊಡ್ಡ ಆಸಾಮಿ. ಉರಿಯುತ್ತಿದ್ದ ಒಂದು ಮನೆಯಿಂದ ಒಬ್ಬ ಮುದುಕನನ್ನು ಹೊತ್ತು ತಂದ ಕಥೆ ಹೇಳುತ್ತಿದ್ದರು. "ಹೊರಗೆ ಬಂದು ಅವರನ್ನ ಕೆಳಗಿಳಿಸಿದ್ಮೇಲೆ ನನಗೆ ಒಂಥರಾ..." ಎಂದು ನಿಂತರು. ಆ ನಿಲುಗಡೆ ನನಗೆ ತಡೆಯಲಾಗಲಿಲ್ಲ. "ಭಯ ಆಯ್ತು" ಎಂದುಬಿಟ್ಟೆ, ಎಷ್ಟು ಅಕ್ಕರೆಯಿಂದ ಅಂತೀಯ! ಅವರು ನನ್ನನ್ನು ನೋಡಿದರು. "ಇಲ್ಲ ಸಿಸ್ಟರ್," ಎಂದರು. "ನಾಚಿಕೆ ಆಯ್ತು. ಒಳಗೆ ಇನ್ನೊಬ್ಬರಿದ್ರು."

ಉಳಿದ ಎರಡು ನಿಮಿಷ ಅವರು ಕಿಟಕಿಯ ಕಡೆ ತಿರುಗಿ ಕೂತರು. ನಾನು ಕೆಳಗಿಳಿದು ಗ್ರಂಥಾಲಯದ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವರಿಗಾಗಿ ಅಳುತ್ತಿದ್ದೇನೆ ಎಂದುಕೊಂಡೆ ಮೊದಲು. ಆಮೇಲೆ ಗೊತ್ತಾಯಿತು, ನನಗೆ ನಿನ್ನ ಮುಖವೇ ಕಾಣುತ್ತಿದೆ ಎಂದು. ಅಂಗಡಿಯಲ್ಲಿ ನೀನು ಪೆ-ಪೆ ಎಂದರೆ ಪೆನ್ಸಿಲ್ ಕೊಡಿ ಎನ್ನುತ್ತಿದ್ದವಳು ನಾನು. ಶಾಲೆಯಲ್ಲಿ ಟೀಚರ್ ನಿನ್ನನ್ನು ಎಬ್ಬಿಸಿ ನಿಲ್ಲಿಸಿದರೆ ನನ್ನ ತರಗತಿಯಿಂದ ಓಡಿಬಂದು ಉತ್ತರ ಹೇಳುತ್ತಿದ್ದವಳು. ತಮ್ಮನ ಬಾಯೇ ಅಕ್ಕ ಎಂದು ಅಪ್ಪ ನಗುತ್ತಿದ್ದರು, ನನಗೆ ಅದು ಬಹುಮಾನದಂತೆ ಇತ್ತು. ನೀನು ಪೆನ್ಸಿಲ್ಲನ್ನೇ ಕೇಳುತ್ತಿದ್ದೆಯೋ, ಪೆಪ್ಪರ್‌ಮಿಂಟ್ ಕೇಳುತ್ತಿದ್ದೆಯೋ, ನಲವತ್ತು ವರ್ಷದಲ್ಲಿ ಒಮ್ಮೆಯೂ ವಿಚಾರಿಸಲಿಲ್ಲ.

ಎರಡನೆಯ ಸಭೆಯನ್ನು ಹೋದ ಸೋಮವಾರ ನಡೆಸಿದೆ. ಹಾಲ್‌ನಲ್ಲಲ್ಲ, ವಾರ್ಡಿನಲ್ಲೇ, ಬೆಳಗಿನ ಜಾವದ ಪಾಳಿಯ ಒಂಬತ್ತು ಜನ ಯಂತ್ರಕ್ಕೆ ಕೈ ಕೊಟ್ಟು ಮಲಗಿರುವಾಗ. ಎದ್ದು ಹೋಗುವಾಗ ಅವರ ಕೈಯಲ್ಲಿ ಏನಿರಬೇಕೆಂದು ಬರೆದಿಟ್ಟುಕೊಂಡಿದ್ದೆ: ತಾನು ಬರಬೇಕಾದ ಹೊತ್ತು, ಆ ಹೊತ್ತಿಗೆ ತಾನು ಬರಬಲ್ಲೆ ಎಂಬ ಧೈರ್ಯ. ಎಲ್ಲರಿಗೂ ಕಾಣುವಂತೆ ವೃತ್ತದಲ್ಲಿ ಕೂರಿಸಬೇಕು ಎಂದು ಸೀಟಿ ಟೀಚರ್ ಹೇಳಿದ್ದಳು, ಆದರೆ ಯಂತ್ರಗಳು ನೀರಿನ ಕೊಳವೆಗೆ ಅಂಟಿಕೊಂಡಿವೆ, ಅಲುಗಿಸುವ ಹಾಗಿಲ್ಲ. ಅದಕ್ಕೆ ಚಕ್ರದ ಸ್ಟೂಲು ತಂದು ನಾನೇ ನಡುವೆ ಕೂತೆ. ಇಪ್ಪತ್ತಾರು ವರ್ಷದಲ್ಲಿ ಆ ವಾರ್ಡನ್ನು ಕೂತು ನೋಡಿದ್ದು ಅದೇ ಮೊದಲು. ಸೂಜಿ, ಕೊಳವೆ, ಅಂಕಿಗಳಿಗಿಂತ ಮುಖಗಳು ಹೆಚ್ಚು ಕಂಡವು.

ಎಲ್ಲರೂ ಮೊದಲು ತಮಗೇನು ಬೇಕೆಂದು ಕಾರ್ಡಿನಲ್ಲಿ ಬರೆಯಲಿ ಎಂದು ಬಣ್ಣಬಣ್ಣದ ಕಾರ್ಡು ಹಂಚಿದೆ. ಬಸ್ ಡ್ರೈವರು ಒಬ್ಬರಿದ್ದಾರೆ, ಕಾಯಿಲೆಯಿಂದ ಕೆಲಸ ಬಿಟ್ಟವರು. ಅವರು ಸೂಜಿ ಚುಚ್ಚಿದ್ದ ಬಲಗೈಯನ್ನೂ ನನ್ನನ್ನೂ ನೋಡಿ, ಹಲ್ಲಿನಿಂದ ಬರೆಯಲೇ ಎಂದು ಕೇಳಿದರು. ಎಲ್ಲರೂ ನಕ್ಕರು. ಆ ನಗುವಿನಿಂದಲೇ ಅರ್ಧ ಕೆಲಸ ಆಯಿತು ಅನ್ನು. ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ, ಬಾಯಿ ತೆಗೆದರೆ ಪಾಠವೇ. ಅವರ ಬಲಗೈ ಖಾಲಿ ಇತ್ತು. ಎಲ್ಲರ ಮಾತನ್ನೂ ಬರೆದುಕೊಳ್ಳುವ ಜವಾಬ್ದಾರಿಯನ್ನು ಅವರಿಗೇ ಒಪ್ಪಿಸಿದೆ. ಬರೆಯುವ ಭರದಲ್ಲಿ ಪಾಠ ಮರೆತರು, ಕಾಗುಣಿತ ಮಾತ್ರ ಕೇಳುತ್ತಿದ್ದರು.

ದರ್ಜಿ ಹೆಂಗಸನ್ನು ಮೊದಲು ಕೇಳಿದೆ. ಮರಿ, ನಿನ್ನ ಹತ್ತಿರ ಮುಚ್ಚಿಡುವುದೇನು, ಹೊಸ ಪಟ್ಟಿಯೊಂದು ಆಗಲೇ ನನ್ನ ಜೇಬಿನಲ್ಲಿತ್ತು. ಅದರಲ್ಲಿ ಅವಳನ್ನು ಒಂಬತ್ತು ಗಂಟೆಗೆ ಹಾಕಿದ್ದೆ, ಅವಳಿಗೆ ಮಾಡಿದ ಅನ್ಯಾಯಕ್ಕೆ ಪರಿಹಾರ ಅಂತ. ನಿಮಗೆ ಯಾವ ಹೊತ್ತು ಆಗುತ್ತದೆ ಎಂದು ಕೇಳಿ ನಾಡಿ ಹಿಡಿದೆ. ಹನ್ನೆರಡು ಆಯಿತು. ಅವಳು ಚಾದರದ ಅಂಚನ್ನು ನೋಡುತ್ತಿದ್ದಳು. ಇಪ್ಪತ್ತಾಯಿತು. ಒಂಬತ್ತು ಗಂಟೆಗೆ ಬನ್ನಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು, ಹಲ್ಲು ಕಚ್ಚಿಕೊಂಡೆ. ಮೂವತ್ತೆರಡಕ್ಕೆ ಅವಳು ತಲೆಯೆತ್ತಿದಳು.

"ಸಿಸ್ಟರ್, ನನಗೆ ಬೆಳಗಿನ ಜಾವದ್ದೇ ಬೇಕು. ನಾಲ್ಕೂವರೆಗೆ ಬಂದ್ರೆ ಹತ್ತಕ್ಕೆ ಅಂಗಡಿ ತೆಗೀಬಹುದು. ಒಂಬತ್ತಕ್ಕೆ ಹಾಕಿದ್ರೆ ನನ್ನ ದಿನಾನೇ ಹೋಯ್ತು. ಆ ಹೊತ್ತಿಗೆ ನಮ್ಮ ಕಡೆಯಿಂದ ಯಾರಾದ್ರೂ ಬರೋರಿದ್ರೆ ಜೊತೆಗೆ ಕರ್ಕೊಂಡು ಬರ್ತಾರಾ ಅಂತ ಅವತ್ತು ಕೇಳ್ಬೇಕಿತ್ತು. ಅಷ್ಟೇ."

ಬಸ್ ಡ್ರೈವರು ಯಾವ ಬೀದಿ ಎಂದು ಕೇಳಿದರು. ಅವಳು ಹೇಳಿದಳು. ಅವರ ಮಗಳು ಬೇಕರಿಯವಳು, ಬ್ರೆಡ್ಡಿನ ವ್ಯಾನಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಪಾಳಿಯ ದಿನವೆಲ್ಲ ಅದೇ ಬೀದಿಯ ಮೇಲೆ ಬರುತ್ತಾಳಂತೆ. ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ಮೇಷ್ಟ್ರು ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. ನಾನು ಜೇಬಿನೊಳಗೇ ಆ ಪಟ್ಟಿಯನ್ನು ಮುದ್ದೆ ಮಾಡಿದೆ. ಒಳ್ಳೆಯದನ್ನೇ ಮಾಡಲು ಹೊರಟಿದ್ದೆ ನೋಡು, ಇನ್ನೊಂದು ಸಲ ಅವಳ ಬದುಕನ್ನು ಹಾಳು ಮಾಡುತ್ತಿದ್ದೆ.

ಆ ಸಭೆಗೆ ಐವತ್ತು ನಿಮಿಷ ಹಿಡಿಯಿತು. ಮುಂದಿನ ದಿನ, ಅದೇ ಪಾಳಿಗೆ ಮಂಗಳವಾರ ಬರುವ ಇನ್ನೊಂದು ಗುಂಪಿನ ಒಂಬತ್ತು ಜನರ ಜೊತೆ ಮತ್ತೊಂದು ಮಾಡಿದೆ. ಅದು ಅಷ್ಟು ಚೆನ್ನಾಗಿ ಆಗಲಿಲ್ಲ, ಇಬ್ಬರು ಜಗಳವಾಡಿದರು, ಒಬ್ಬರಿಗೆ ರಕ್ತದೊತ್ತಡ ಇಳಿಯಿತು, ನಾನೂ ಎರಡು ಸಲ ನಡುವೆ ಬಾಯಿ ಹಾಕಿದೆ. ಆದರೂ ಈ ವಾರ ಹದಿನೆಂಟು ಜನರಲ್ಲಿ ಒಬ್ಬರೂ ತಪ್ಪಿಸಿಲ್ಲ. ಮೊನ್ನೆ ಶುಕ್ರವಾರ ಬೆಳಗಿನ ಜಾವ ನನಗೆ ಡ್ಯೂಟಿ ಇದ್ದದ್ದರಿಂದ ದರ್ಜಿ ಹೆಂಗಸು ವ್ಯಾನಿನಿಂದ ಇಳಿಯುವುದನ್ನು ಕಣ್ಣಾರೆ ನೋಡಿದೆ, ಕೈಯಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ ಇತ್ತು.

ಅಮ್ಮನ ಮಂಡಿನೋವು ಹಾಗೇ ಇದೆ. ನೀನು ಕಳಿಸಿದ ಕನ್ನಡಕದಲ್ಲಿ ಸೂಜಿಗೆ ತಾವೇ ದಾರ ಪೋಣಿಸುತ್ತಾರೆ, ಬಂದವರಿಗೆಲ್ಲ ಪೋಣಿಸಿ ತೋರಿಸುತ್ತಾರೆ. ನಿನ್ನ ಮಗಳು ಈಜು ಕಲಿಯುತ್ತಿದ್ದಾಳೆ ಎಂದು ಅವಳೇ ಫೋನಿನಲ್ಲಿ ಹೇಳಿದಳು. ಎದೆಯುದ್ದದ ನೀರಿಗಿಂತ ಮುಂದೆ ಬಿಡಬೇಡ ಎಂದು ಬರೆಯಲು ಹೊರಟಿದ್ದೆ, ಬೇಡ ಬಿಡು, ಅವಳ ಅಪ್ಪ ನೀನು. ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ಅಮ್ಮ ನಿಮ್ಮೆಲ್ಲರಿಗೂ ಆಶೀರ್ವಾದ ಹೇಳಿದ್ದಾರೆ. ನಿನ್ನ ಕೈ, ಕಣ್ಣು ಚೆನ್ನಾಗಿರಲಿ, ನಿನ್ನ ಮನೆಯಲ್ಲಿ ಸದಾ ನಗು ಇರಲಿ, ನೂರು ಕಾಲ ಬಾಳು.

ಇಂತಿ ನಿನ್ನ ಪ್ರೀತಿಯ,
ಬಾಯಿಬಡುಕಿ ಅಕ್ಕ

ಲಕೋಟೆ ಅಂಟಿಸುವ ಮುಂಚೆ: ಇಷ್ಟು ಪುಟ ಬರೆದೂ ಬರೆಯಬೇಕಾದದ್ದನ್ನು ಬಿಟ್ಟಿದ್ದೇನೆ. ಅಪ್ಪನನ್ನು ಮನೆಯಲ್ಲೇ ಇಟ್ಟುಕೊಳ್ಳೋಣವೋ, ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸೇರಿಸೋಣವೋ ಎಂದು ಕೇಳಲು ಅವತ್ತು ಅಮ್ಮನನ್ನು, ಚಿಕ್ಕಪ್ಪನನ್ನು, ನಿನ್ನನ್ನು ಮುಂದಿನ ಕೋಣೆಗೆ ಕರೆದೆ. ಕೇಳಲು ಎಂಬುದು ಸುಳ್ಳು, ಹೇಳಲು ಕರೆದೆ. ಆಂಬುಲೆನ್ಸಿಗೆ ಆಗಲೇ ಫೋನ್ ಮಾಡಿದ್ದೆ. ನಿಂತುಕೊಂಡೇ ಎಲ್ಲ ಹೇಳಿ ಮುಗಿಸಿದೆ. ಬಾಗಿಲಿಗೆ ಒರಗಿದ್ದ ನೀನು "ಅಕ್ಕಾ, ಅಪ್ಪ ನಿನ್ನೆ ನನ್ನ ಹತ್ರ..." ಎಂದೆ. ಅಲ್ಲಿಗೆ ಮಾತು ತಡೆಯಿತು. ನಿನ್ನ ತುಟಿ ಮುಂದಿನ ಅಕ್ಷರಕ್ಕೆ ಸಿದ್ಧವಾಗಿತ್ತು, ನಾನು ಕಂಡೆ. ಕಂಡೂ, "ಇವನ ಹತ್ರಾನೂ ಆಸ್ಪತ್ರೆಗೇ ಹೋಗೋಣ ಅಂದಿದ್ದಾರೆ" ಎಂದು ಮುಗಿಸಿದೆ. ಅಮ್ಮ ತಲೆಯಾಡಿಸಿದರು. ನೀನು ನನ್ನನ್ನು ಒಂದು ಸಲ ನೋಡಿ, ಹೊರಗೆ ಹೋಗಿ ಗೇಟು ತೆಗೆದೆ. ನಾಲ್ಕನೆಯ ದಿನ ಅಪ್ಪ ಬಾಯಲ್ಲಿ ನಳಿಕೆ ಇಟ್ಟುಕೊಂಡು ಹೋದರು, ಪಕ್ಕದಲ್ಲಿ ನಮ್ಮವರು ಯಾರೂ ಇರಲಿಲ್ಲ.

ಆ ಮಾತು ಹೇಗೆ ಮುಗಿಯುತ್ತಿತ್ತು ಎಂದು ಎಂಟು ತಿಂಗಳಿಂದ ಊಹಿಸುತ್ತಿದ್ದೇನೆ. ಇನ್ನು ಊಹಿಸುವುದಿಲ್ಲ. ಅದು ನನ್ನನ್ನು ಸಾಯುವವರೆಗೂ ಸುಡುವಂಥದ್ದೇ ಆಗಿದ್ದರೂ ನಿನ್ನ ಬಾಯಿಂದಲೇ ಕೇಳಬೇಕು. ಬರೆದರೂ ಸರಿ, ಬಂದು ಹೇಳಿದರೂ ಸರಿ, ಎಷ್ಟು ಹೊತ್ತು ಹಿಡಿದರೂ ಸರಿ. ಅಪ್ಪ ನಿನ್ನ ಹತ್ತಿರ ಏನು ಹೇಳಿದ್ದರು?